ಸೆಡಾನ್ ಚೆಂದ ಕಾಣತ್ತೆ ಸರಿ, ಎಂಟನೇ ವರ್ಷಕ್ಕೆ ಹೆಂಗಿರತ್ತೆ?

ಮಿಡ್‌ಸೈಜ್ ಸೆಡಾನ್, ಅಂದ್ರೆ ಹಿಂದೆ ಬೇರೆ ಡಿಕ್ಕಿ ಇರೋ ಮಧ್ಯಮ ಗಾತ್ರದ ಕಾರು ತಗೊಳ್ಳೋರು ನಮ್ಮಲ್ಲಿ ಕಮ್ಮಿ ಆಗ್ತಾ ಬಂದಿದಾರೆ. ದೇಶದಲ್ಲಿ ಈಗ ಮಾರಾಟ ಆಗೋ ಕಾರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಸ್‌ಯುವಿ ಥರದ ಎತ್ತರದ ಗಾಡಿಗಳೇ. ಟೊಯೊಟಾ ಯಾರಿಸ್ 2018ರಲ್ಲಿ ಬಂದು 2021ರಲ್ಲೇ ನಿಂತೋಯ್ತು, ಹತ್ತು ವರ್ಷ ಮಾರಾಟ ಆದ ಮಾರುತಿ ಸಿಯಾಜ್‌ನೂ 2025ರಲ್ಲಿ ನಿಲ್ಲಿಸಿದ್ರು, ಈಗ ಹೋಂಡಾ ಸಿಟಿ, ಹ್ಯುಂಡೈ ವೆರ್ನಾ, ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾ ಇಷ್ಟೇ ಉಳಿದಿರೋದು. ಎತ್ತರ ಬೇಕು, ಊರ ಕಡೆ ರಸ್ತೆಗೆ ಆಗ್ಬೇಕು ಅನ್ನೋರೆಲ್ಲ ಎಸ್‌ಯುವಿ ಕಡೆ ಹೋದ್ಮೇಲೆ ಸೆಡಾನ್ ಮಾರೋಕೆ ಕಂಪನಿಗಳ ಹತ್ರ ಉಳಿದಿರೋ ದೊಡ್ಡ ಬಂಡವಾಳ ಅಂದ್ರೆ ಲುಕ್ಕು. ಹಂಗಾಗಿ ಇವು ಹಿಂದೆಂದಿಗಿಂತ ಚೆಂದ ಆಗಿವೆ, ಒಪ್ಪೋಣ. ಆದ್ರೆ ಆ ಚೆಂದಕ್ಕೆ ಆಗೋ ಖರ್ಚು ಶುರು ಆಗೋದು ಐದಾರು ವರ್ಷ ಕಳೆದ್ಮೇಲೆ, ವಾರಂಟಿ ಮುಗಿದ್ಮೇಲೆ, ಅದನ್ನ ಬುಕಿಂಗ್ ಟೈಮಲ್ಲಿ ಯಾರೂ ಲೆಕ್ಕ ಹಾಕಲ್ಲ.

ಕರ್ನಾಟಕದಲ್ಲಂತೂ ಈ ಲೆಕ್ಕ ಹಾಕಲೇಬೇಕು. 10 ಲಕ್ಷದಿಂದ 20 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ನಮ್ಮಲ್ಲಿ 17 ಪರ್ಸೆಂಟ್ ಲೈಫ್ ಟ್ಯಾಕ್ಸು, ಅದರ ಮೇಲೆ ಸೆಸ್ಸು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿ ನಾಲ್ಕು ಮೀಟರ್ ಒಳಗಿನ ಸಣ್ಣ ಕಾರುಗಳಿಗೆ 18 ಪರ್ಸೆಂಟ್ ಆಯ್ತು, ಆದ್ರೆ ಈ ಸೆಡಾನ್‌ಗಳು ಉದ್ದ ಇರೋದ್ರಿಂದ 45ರಿಂದ ಇಳಿದ್ರೂ 40ರಲ್ಲೇ ನಿಂತಿವೆ. ಅಂದ್ರೆ ಎರಡೆರಡು ಕಡೆ ದೊಡ್ಡ ತೆರಿಗೆ ಕಟ್ಟಿ ತಂದ ಗಾಡಿ, ಅದನ್ನ ಐದು ವರ್ಷಕ್ಕೆ ಮಾರಿದ್ರೆ ಕಟ್ಟಿದ ತೆರಿಗೆಲಿ ಎಷ್ಟೋ ಭಾಗ ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಹಾಗೆ. ಬಹಳಷ್ಟು ಮನೆಗಳಲ್ಲಿ ಕಾರು ಹತ್ತು ಹನ್ನೆರಡು ವರ್ಷ ಇರತ್ತೆ, ಕೆಲವರು 15 ವರ್ಷ ಓಡಿಸಿ ಎಫ್‌ಸಿ ಮಾಡಿಸಿ ಆರ್‌ಸಿ ರಿನ್ಯೂ ಮಾಡಿಸಿಕೊಂಡು ಇನ್ನೈದು ವರ್ಷ ಇಟ್ಕೋತಾರೆ. ಅಷ್ಟು ದಿನ ಮನೇಲಿ ಇರೋ ವಸ್ತುನ ಟೆಸ್ಟ್ ಡ್ರೈವಿನ ಹತ್ತು ನಿಮಿಷದಲ್ಲಿ ಕಂಡಿದ್ದರ ಮೇಲೆ ಆರಿಸೋದು ನನಗೆ ಸರಿ ಅನ್ಸಲ್ಲ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಲುಕ್ಕು ನೋಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಮನೆ ಮುಂದೆ ನಿಲ್ಲೋ ಗಾಡಿ ಚೆಂದ ಇರ್ಲಿ ಅಂತ ಆಸೆಪಡೋದು ಸಹಜ, ಮೇಲಾಗಿ ಒಳ್ಳೆ ಡಿಸೈನ್ ಬಾಳಿಕೆನೂ ಬರತ್ತೆ. 2008ರಲ್ಲಿ ಬಂದ ಹೋಂಡಾ ಸಿಟಿನ ಇವತ್ತು ರಸ್ತೇಲಿ ನೋಡಿ, ಸ್ವಚ್ಛವಾಗಿಟ್ಟಿದ್ರೆ ಈಗ್ಲೂ ಹಳೇ ಕಾರು ಅನ್ಸಲ್ಲ, ಯಾಕಂದ್ರೆ ಅದರ ಚೆಂದ ಇರೋದು ಒಟ್ಟು ಅಳತೇಲಿ, ಬಾನೆಟ್‌ನಿಂದ ಡಿಕ್ಕಿವರೆಗೆ ಓಡೋ ಒಂದು ಗೆರೇಲಿ. ಅದೇ 2011ರ ಮೇ ತಿಂಗಳಲ್ಲಿ ಬಂದ ಫ್ಲುಯಿಡಿಕ್ ವೆರ್ನಾ ಆಗ ಜನರನ್ನ ನಿಲ್ಲಿಸಿ ನೋಡೋ ಹಂಗೆ ಮಾಡಿತ್ತು, ಮೈತುಂಬಾ ಮಡಿಕೆ, ತಿರುವು, ಹೊಳಪು. ಇವತ್ತು ನೋಡಿದ ತಕ್ಷಣ ಅದು ಯಾವ ಕಾಲದ್ದು ಅಂತ ಗೊತ್ತಾಗ್ಬಿಡತ್ತೆ. ಆಕಾರದಲ್ಲಿರೋ ಚೆಂದ ಉಳಿಯತ್ತೆ, ಅಲಂಕಾರದಲ್ಲಿರೋ ಚೆಂದ ಮುಂದಿನ ಫೇಸ್‌ಲಿಫ್ಟ್, ಅಂದ್ರೆ ಅದೇ ಮಾಡೆಲಿಗೆ ಹೊಸ ಮುಖ, ಬಂದ ದಿನವೇ ಹಳೇದಾಗತ್ತೆ. ಫೇಸ್‌ಲಿಫ್ಟ್ ಮೂರ್ನಾಲ್ಕು ವರ್ಷಕ್ಕೊಂದು ಬಂದೇ ಬರತ್ತೆ.

ಈಗ ಖರ್ಚಿನ ವಿಷಯಕ್ಕೆ ಬರೋಣ, ಹೆಡ್‌ಲೈಟಿಂದಲೇ ಶುರು ಮಾಡೋಣ. ಹಳೇ ಹ್ಯಾಲೋಜನ್ ಲೈಟಿನ ಬಲ್ಬ್ ಹೋದ್ರೆ ಯಾವ ಊರಿನ ಎಲೆಕ್ಟ್ರಿಷಿಯನ್ ಅಂಗಡೀಲೂ ಕೆಲವೇ ನೂರು ರೂಪಾಯಿಗೆ ಹೊಸ ಬಲ್ಬ್ ಹಾಕ್ಕೊಡ್ತಾರೆ. ಹೊಸ ಎಲ್‌ಇಡಿ ಲೈಟುಗಳಲ್ಲಿ ಬಹಳಷ್ಟು ಸೀಲ್ ಆಗಿರೋ ಯೂನಿಟ್ಟು, ಒಳಗಿನ ಬೋರ್ಡೋ ಅದಕ್ಕೆ ಕರೆಂಟ್ ಕೊಡೋ ಡ್ರೈವರ್ರೋ ಹೋದ್ರೆ ಪೂರ್ತಿ ಅಸೆಂಬ್ಲಿನೇ ಬದಲಾಯಿಸಿ ಅಂತಾರೆ. 2023ರ ವೆರ್ನಾದಲ್ಲಿ ಮುಂದೆ ಈ ಕಡೆಯಿಂದ ಆ ಕಡೆವರೆಗೂ ಒಂದೇ ಲೈಟಿನ ಪಟ್ಟಿ ಬರತ್ತೆ, ರಾತ್ರಿ ಹೊತ್ತು ಬಹಳ ಚೆಂದ ಕಾಣತ್ತೆ. ಆದ್ರೆ ಅದು ಇರೋದು ಎಲ್ಲಿ, ಟ್ರಾಫಿಕ್ಕಲ್ಲಿ ಮೊದಲು ಏಟು ಬೀಳೋ ಜಾಗದಲ್ಲಿ. ಎಂಟು ವರ್ಷ ಹಳೇದಾದ ಯಾವ್ದಾದ್ರೂ ಸೆಡಾನಿನ ಹೆಡ್‌ಲೈಟ್ ಹತ್ರ ಬಗ್ಗಿ ನೋಡಿ, ಗಾಜಿನ ಥರ ಇದ್ದ ಪ್ಲಾಸ್ಟಿಕ್ಕು ಬಿಸಿಲಿಗೆ ಹಳದಿ ತಿರುಗಿರತ್ತೆ, ಮೇಲಿನ ಕೋಟಿಂಗ್ ಸಿಪ್ಪೆ ಥರ ಎದ್ದಿರತ್ತೆ, ಒಂದು ಮೂಲೇಲಿ ಮಳೆಗಾಲದ ತೇವ ಒಳಗೆ ಹೊಕ್ಕು ಮಂಜು ಕಟ್ಟಿರತ್ತೆ. ಪಾಲಿಶ್ ಮಾಡಿಸಿದ್ರೆ ಕೆಲವು ತಿಂಗಳು ಚೆನ್ನಾಗಿರತ್ತೆ, ಆಮೇಲೆ ಮತ್ತೆ ಅದೇ ಪಾಡು.

ಇನ್ನೊಂದು ವಿಷಯ ಜನ ಗಮನಿಸೋದೇ ಇಲ್ಲ. ಕಂಪನಿಗಳು ಎಂಜಿನ್ನು, ಗೇರ್‌ಬಾಕ್ಸು, ಬ್ರೇಕು ಇವನ್ನ ನಾಲ್ಕಾರು ಮಾಡೆಲ್‌ಗೆ ಹಂಚಿಕೊಂಡು ಹಾಕ್ತವೆ, ಆದ್ರೆ ಕಾರಿಗೆ ಮುಖ ಕೊಡೋ ಲೈಟು, ಬಂಪರು, ಗ್ರಿಲ್ಲು, ಮಿರರ್ರು ಇವೆಲ್ಲ ಆ ಒಂದು ಮಾಡೆಲ್‌ಗೆ ಮಾತ್ರ. ಹಂಗಾಗಿ ಮಾಡೆಲ್ ನಿಂತ್ರೆ ಮೊದಲು ಸಿಗದೇ ಹೋಗೋದು ಅದನ್ನ ಚೆಂದ ಮಾಡಿದ್ದ ಸಾಮಾನೇ. 2009ರಲ್ಲಿ ಬಂದ ಫಿಯಟ್ ಲಿನಿಯಾ ಇದಕ್ಕೆ ಸರಿಯಾದ ಉದಾಹರಣೆ. ಆ ಕಾಲದಲ್ಲಿ ಅಷ್ಟು ಸುಂದರವಾದ ಕುಟುಂಬದ ಸೆಡಾನ್ ಆ ರೇಟಲ್ಲಿ ಬೇರೆ ಇರ್ಲಿಲ್ಲ, ಬಾಗಿಲು ಹಾಕಿದ್ರೆ ಬರ್ತಿದ್ದ ಸದ್ದೇ ಅದು ಎಷ್ಟು ಗಟ್ಟಿ ಅಂತ ಹೇಳ್ತಿತ್ತು. ಅದರ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ನೇ ಸ್ವಿಫ್ಟು, ಡಿಜೈರು, ಕೊನೆಗೆ ಸಿಯಾಜ್‌ನಲ್ಲೂ ಇತ್ತು, ಹಂಗಾಗಿ ಎಂಜಿನ್ ಸಾಮಾನಿಗೆ ಇವತ್ತಿಗೂ ಅಷ್ಟು ತೊಂದರೆ ಇಲ್ಲ, ಆ ಎಂಜಿನ್ ಬಿಚ್ಚಿ ಗೊತ್ತಿರೋ ಮೆಕ್ಯಾನಿಕ್ ಪ್ರತಿ ಊರಲ್ಲೂ ಇದಾರೆ. ಆದ್ರೆ ಬೆಂಗಳೂರಿನ ಜೆಸಿ ರೋಡಿಗೆ ಹೋಗಿ ಲಿನಿಯಾ ಹೆಡ್‌ಲೈಟು, ಮುಂದಿನ ಬಂಪರು ಕೇಳಿ ನೋಡಿ, ಅಂಗಡಿಯಿಂದ ಅಂಗಡಿಗೆ ಓಡಾಡಿ ಕೊನೆಗೆ ಶಿವಾಜಿನಗರದ ಗುಜರಿ ಕಡೆ ಹೋಗ್ಬೇಕಾಗತ್ತೆ. 2017ರ ಕೊನೆಗೆ ಷೆವರ್ಲೆ ಇಲ್ಲಿ ಮಾರಾಟ ನಿಲ್ಲಿಸಿತು, 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಸೋದು ಬಿಡ್ತೀನಿ ಅಂತು, ಷೆವರ್ಲೆ ಕ್ರೂಜ್ ಥರದ ಗತ್ತಿನ ಗಾಡಿ ಇಟ್ಕೊಂಡಿರೋರ ಕಷ್ಟನೂ ಇದೇ. ಟೊಯೊಟಾ ಯಾರಿಸ್ ನಿಲ್ಲಿಸಿದಾಗ ಕನಿಷ್ಠ ಹತ್ತು ವರ್ಷ ಬಿಡಿಭಾಗ ಕೊಡ್ತೀವಿ ಅಂತ ಬಹಿರಂಗವಾಗಿ ಹೇಳಿತು. ಎಲ್ಲಾ ಕಂಪನಿನೂ ಮಾಡೆಲ್ ನಿಲ್ಲಿಸೋ ದಿನ ಇಷ್ಟಾದ್ರೂ ಹೇಳ್ಬೇಕು.

ಚಕ್ರದ ಕಥೆನೂ ಹಿಂಗೇ. ದೊಡ್ಡ ಅಲಾಯ್, ತೆಳು ಟೈರು ಹಾಕಿದ್ರೆ ಗಾಡಿ ನೆಲಕ್ಕೆ ಕೂತಂಗೆ ಚೆಂದ ಕಾಣತ್ತೆ, ಆದ್ರೆ ನಮ್ಮ ಗುಂಡಿಗಳಲ್ಲಿ ಆ ಏಟನ್ನ ತಡ್ಕೊಳ್ಳೋಕೆ ರಬ್ಬರ್ರೇ ಇರಲ್ಲ, ಟೈರಿನ ಪಕ್ಕ ಊದ್ಕೊಳ್ಳೋದು, ರಿಮ್ ಬೆಂಡ್ ಆಗೋದು, ಆಮೇಲೆ ಸಸ್ಪೆನ್ಷನ್ನಿನ ಲಿಂಕ್ ರಾಡು, ಲೋವರ್ ಆರ್ಮ್ ಬುಶ್ಶು, ಸ್ಟ್ರಟ್ ಮೌಂಟು ಒಂದೊಂದಾಗಿ ಸದ್ದು ಮಾಡೋಕೆ ಶುರು. ಸಿಟಿಯ ಗ್ರೌಂಡ್ ಕ್ಲಿಯರೆನ್ಸ್, ಅಂದ್ರೆ ನೆಲದಿಂದ ಗಾಡಿಯ ತಳಕ್ಕಿರೋ ಎತ್ತರ, 165 ಮಿಲಿಮೀಟರ್, ಸ್ಲಾವಿಯಾ ವರ್ಟಸ್‌ಗಳದ್ದು 179. ಐದು ಜನ ಕೂತು ಡಿಕ್ಕಿ ತುಂಬಾ ಲಗೇಜ್ ಹಾಕಿ ಊರಿಗೆ ಹೋಗುವಾಗ, ಪಂಚಾಯ್ತಿಯವರು ಎತ್ತರಕ್ಕೆ ಹಾಕಿರೋ ಹಂಪ್ ಮೇಲೆ ಆ 14 ಮಿಲಿಮೀಟರ್ ವ್ಯತ್ಯಾಸ ಚೆನ್ನಾಗೇ ಗೊತ್ತಾಗತ್ತೆ. ಟಾಪ್ ವೇರಿಯಂಟ್ ಬದಲು ಒಂದು ಸೈಜ್ ಚಿಕ್ಕ ಚಕ್ರ ಬರೋ ವೇರಿಯಂಟ್ ಇದ್ರೆ ಸುಮ್ಮನೆ ಅದನ್ನೇ ತಗೊಳ್ಳಿ.

ಒಳಗಡೆ ಪಿಯಾನೋ ಬ್ಲ್ಯಾಕ್ ಅನ್ನೋ ಹೊಳೆಯೋ ಕಪ್ಪು ಪ್ಲಾಸ್ಟಿಕ್ಕು ಒಂದೇ ವರ್ಷದಲ್ಲಿ ಗೀರು ಗೀರಾಗತ್ತೆ, ಬಿಳಿ ಸೀಟು ಮಕ್ಕಳಿರೋ ಮನೇಲಿ ಉಳಿಯಲ್ಲ, ಎಸಿಗೆ ತಿರುಗಿಸೋ ನಾಬ್ ತೆಗೆದು ಟಚ್ ಪ್ಯಾನೆಲ್ ಇಟ್ರೆ ರಸ್ತೆಯಿಂದ ಕಣ್ಣು ತೆಗೀಬೇಕಾಗತ್ತೆ, ಅದು ಕೆಟ್ರೆ ಎಸಿನೂ ಇಲ್ಲ. ಇಷ್ಟು ಸಾಕು.

ಇವೆಲ್ಲ ಕಣ್ಣಿಗೆ ಕಾಣೋವು. ಕಾಣದೇ ಇರೋದು ಗೇರ್‌ಬಾಕ್ಸು, ದೊಡ್ಡ ದುಡ್ಡು ಹೋಗೋದು ಅಲ್ಲಿ. ಈಗ ಆಟೋಮ್ಯಾಟಿಕ್ ಕೇಳೋರೇ ಜಾಸ್ತಿ, ಹಂಗಾಗಿ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ವರ್ಟಸ್ ಸ್ಲಾವಿಯಾಗಳ 1.5 ಲೀಟರ್ ಟರ್ಬೋ ಜೊತೆ ಬರೋ, ಫೋಕ್ಸ್‌ವ್ಯಾಗನ್ ಗುಂಪಿನ ಏಳು ಸ್ಪೀಡಿನ ಡಿಎಸ್‌ಜಿ ಅನ್ನೋ ಆಟೋಮ್ಯಾಟಿಕ್ಕಲ್ಲಿ, ಡಿಕ್ಯೂ200 ಅಂತಾರಲ್ಲ ಅದರಲ್ಲಿ, ಎರಡು ಡ್ರೈ ಕ್ಲಚ್ ಇರತ್ತೆ, ಅಂದ್ರೆ ತಣ್ಣಗಿಡೋಕೆ ಆಯಿಲ್ ಸ್ನಾನ ಇಲ್ಲ. ಹೈವೇಲಿ ಅದರಷ್ಟು ಚುರುಕು ಇನ್ನೊಂದಿಲ್ಲ, ಗೇರ್ ಬಿದ್ದಿದ್ದೇ ಗೊತ್ತಾಗಲ್ಲ. ಆದ್ರೆ ಹೆಬ್ಬಾಳ, ಸಿಲ್ಕ್ ಬೋರ್ಡ್ ಥರದ ಕಡೆ ಮುಕ್ಕಾಲು ಗಂಟೆ ತೆವಳುವಾಗ ಅದು ಒಂದಕ್ಕೂ ಎರಡಕ್ಕೂ ಮಧ್ಯೆ ಹಾಫ್ ಕ್ಲಚ್ಚಲ್ಲೇ ಇರತ್ತೆ, ಬಿಸಿ ಏರತ್ತೆ, ಸವೆಯತ್ತೆ. 2013ರಲ್ಲಿ ಇದೇ ಜಾತಿ ಗೇರ್‌ಬಾಕ್ಸ್ ವಿಷಯಕ್ಕೆ ಚೀನಾದಲ್ಲಿ ಸುಮಾರು 3.84 ಲಕ್ಷ ಕಾರು ರೀಕಾಲ್ ಆಗಿದ್ವು, ಅಂದ್ರೆ ದೋಷ ಸರಿ ಮಾಡೋಕೆ ಕಂಪನಿ ವಾಪಸ್ ಕರೆದಿತ್ತು, ಅಲ್ಲಿ ವಾರಂಟಿನ ಹತ್ತು ವರ್ಷಕ್ಕೆ ಏರಿಸಬೇಕಾಯ್ತು. ಆಮೇಲೆ ಬದಲಾವಣೆ ಮಾಡಿದಾರೆ, ಈಗಿನವು ಆಗಿನವಲ್ಲ ಅನ್ನೋದು ನಿಜ, ಆದ್ರೆ ಡ್ರೈ ಕ್ಲಚ್ಚಿನ ಸ್ವಭಾವ ಬದಲಾಗಿಲ್ಲ. ಅದೇ ವರ್ಟಸ್ ಸ್ಲಾವಿಯಾಗಳ 1.0 ಲೀಟರ್ ಎಂಜಿನ್ ಜೊತೆ ಬಂದಿದ್ದು ಆರು ಸ್ಪೀಡಿನ ಟಾರ್ಕ್ ಕನ್ವರ್ಟರ್, ಅಂದ್ರೆ ಕ್ಲಚ್ ಬದಲು ಆಯಿಲ್ ಮೂಲಕ ಶಕ್ತಿ ದಾಟಿಸೋ ಆಟೋಮ್ಯಾಟಿಕ್, 1.5ರಷ್ಟು ಗತ್ತಿಲ್ಲ, ಆದ್ರೆ ಟ್ರಾಫಿಕ್ಕಿಗೆ ಅದೇ ವಾಸಿ. ಸಿಯಾಜ್‌ನಲ್ಲಿದ್ದ ನಾಲ್ಕು ಸ್ಪೀಡಿನ ಹಳೇ ಆಟೋಮ್ಯಾಟಿಕ್ಕನ್ನ ಎಲ್ರೂ ಸಪ್ಪೆ ಅಂದ್ರು, ಓಡಿಸೋಕೆ ಸಪ್ಪೆನೇ, ಆದ್ರೆ ಹತ್ತು ವರ್ಷದ ಮನೆ ಬಳಕೆಗೆ ಅದಕ್ಕಿಂತ ನಿಶ್ಚಿಂತೆ ಗೇರ್‌ಬಾಕ್ಸ್ ಈ ಸೆಗ್ಮೆಂಟಲ್ಲಿ ಕಮ್ಮಿ ಅಂತಲೇ ನನ್ನ ಅಭಿಪ್ರಾಯ.

ಹೊರಗಿನ ಚೆಂದಕ್ಕೂ ಒಳಗಿನ ಗಟ್ಟಿತನಕ್ಕೂ ಸಂಬಂಧ ಇಲ್ಲ ಅನ್ನೋದಕ್ಕೆ ದೊಡ್ಡ ಪುರಾವೆ ಸಿಗೋದು ಅಮೆರಿಕದಲ್ಲಿ. ಅಲ್ಲಿ ಮಿಡ್‌ಸೈಜ್ ಸೆಡಾನ್ ಅಂದ್ರೆ ಟೊಯೊಟಾ ಕ್ಯಾಮ್ರಿ, ಹೋಂಡಾ ಅಕಾರ್ಡ್, ಹ್ಯುಂಡೈ ಸೊನಾಟ, ಅಲ್ಲಿಗೆ ಹೋದ ನಮ್ಮವರೂ ಬಹಳ ಜನ ಮೊದಲು ಕಾರು ಹುಡುಕೋದು ಇವುಗಳಲ್ಲೇ. 2011ರ ಮಾಡೆಲ್ ಸೊನಾಟ ಬಂದಾಗ ಅದರ ಪಕ್ಕ ಕ್ಯಾಮ್ರಿ ತೀರಾ ಸಾದಾ ಕಾಣ್ತಿತ್ತು, ಡಿಸೈನ್ ವಿಷಯದಲ್ಲಿ ಇಡೀ ಸೆಗ್ಮೆಂಟನ್ನೇ ಆ ಸೊನಾಟ ಎಚ್ಚರಿಸಿತು. ಆದ್ರೆ ಅದರ ಥೀಟಾ 2 ಎಂಜಿನ್ ತಯಾರಾಗುವಾಗ ಕ್ರ್ಯಾಂಕ್‌ಶಾಫ್ಟ್ ಒಳಗಿನ ಆಯಿಲ್ ದಾರೀಲಿ ಲೋಹದ ಚೂರು ಉಳ್ಕೊಂಡಿತ್ತು, ಬೇರಿಂಗಿಗೆ ಆಯಿಲ್ ಹೋಗದೆ ಓಡ್ತಾ ಓಡ್ತಾನೇ ಎಂಜಿನ್ ಸೀಜ್ ಆಗ್ತಿತ್ತು. 2015ರ ಸೆಪ್ಟೆಂಬರಲ್ಲಿ ಸುಮಾರು 4.7 ಲಕ್ಷ ಸೊನಾಟ ರೀಕಾಲ್ ಆದ್ವು, 2017ರಲ್ಲಿ ಹ್ಯುಂಡೈ ಕಿಯಾ ಎರಡೂ ಸೇರಿ ಇನ್ನೂ ಸುಮಾರು 12 ಲಕ್ಷ ಗಾಡಿ, 2020ರಲ್ಲಿ ರೀಕಾಲ್ ತಡ ಮಾಡಿದ್ದಕ್ಕೆ ಅಮೆರಿಕದ ಸುರಕ್ಷತಾ ಇಲಾಖೆ ಜೊತೆ 21 ಕೋಟಿ ಡಾಲರ್ ಮೊತ್ತದ ಒಪ್ಪಂದಕ್ಕೆ ಬರಬೇಕಾಯ್ತು. ನಮ್ಮ ವೆರ್ನಾದಲ್ಲಿ ಆ ಎಂಜಿನ್ ಇರ್ಲಿಲ್ಲ, ಇದನ್ನ ಸ್ಪಷ್ಟವಾಗಿ ಹೇಳ್ಬೇಕು, ಆ ದೂರನ್ನ ಇಲ್ಲಿಗೆ ತಂದು ಅಂಟಿಸೋದು ತಪ್ಪು. ಆದ್ರೆ ಆಗ ಆ ಕಾರು ತಗೊಂಡೋರು ಏನು ನೋಡಿ ತಗೊಂಡ್ರೋ ಅದರಲ್ಲಿ ಯಾವ ದೋಷವೂ ಇರ್ಲಿಲ್ಲ, ದೋಷ ಇದ್ದಿದ್ದು ಯಾವ ಗಿರಾಕಿಗೂ ಕಾಣದ ಒಂದು ಸಣ್ಣ ರಂಧ್ರದೊಳಗೆ. ಅಲ್ಲಿ ಜೆಡಿ ಪವರ್ ಸಂಸ್ಥೆ ಎರಡು ಬೇರೆ ಸಮೀಕ್ಷೆ ನಡೆಸತ್ತೆ, ಒಂದು ಕಾರು ತಗೊಂಡ ಮೊದಲ 90 ದಿನದ ದೂರುಗಳದ್ದು, ಇನ್ನೊಂದು ಮೂರು ವರ್ಷ ಆದ ಕಾರುಗಳದ್ದು. ಎರಡರ ಫಲಿತಾಂಶನೂ ಬೇರೆ ಬೇರೆ ನೋಡ್ಬೇಕು. ಇಲ್ಲಿ ನಾವು ಓದೋ, ನೋಡೋ ರಿವ್ಯೂಗಳು ಆ 90 ದಿನಾನೂ ಅಲ್ಲ, ಕಂಪನಿ ಕರೆದುಕೊಂಡು ಹೋದ ಒಂದು ದಿನದ್ದು.

ಇನ್ನು ಉಲ್ಟಾ ಕಥೆ ನಮ್ಮ ಬಿಡದಿಯದ್ದೇ. 2010ರ ಡಿಸೆಂಬರಲ್ಲಿ ಟೊಯೊಟಾ ಎಟಿಯೋಸ್ ಬಂತು, ಅದಕ್ಕೋಸ್ಕರ ಬಿಡದೀಲಿ ಎರಡನೇ ಪ್ಲಾಂಟೇ ಶುರು ಮಾಡಿದ್ರು. 1.5 ಲೀಟರ್ ಪೆಟ್ರೋಲು, 595 ಲೀಟರ್ ಡಿಕ್ಕಿ, ಹಿಂದೆ ಮೂರು ಜನ ಆರಾಮಾಗಿ ಕೂರೋ ಜಾಗ. ಆದ್ರೆ ಮೀಟರ್ರು ಡ್ಯಾಶ್‌ಬೋರ್ಡ್ ಮಧ್ಯದಲ್ಲಿ, ಮುಂದೆ ಒಂದೇ ವೈಪರು, ಒಳಗಿನ ಪ್ಲಾಸ್ಟಿಕ್ಕು ತೀರಾ ಸಾದಾ, ಹೊರಗಿನ ಆಕಾರಕ್ಕಂತೂ ಮರುಳಾಗೋಕೆ ಏನೂ ಇಲ್ಲ. ಮನೆ ಬಳಕೆಗೆ ಕಾರು ಹುಡುಕೋರು ಶೋರೂಮಿಗೆ ಹೋಗಿ ನೋಡಿ ಮುಖ ತಿರುಗಿಸಿ ಬಂದ್ರು, ತಗೊಂಡೋರು ಟ್ಯಾಕ್ಸಿಯವರು. ಏರ್‌ಪೋರ್ಟ್ ರೋಡಲ್ಲಿ ಎಲ್ಲೆಲ್ಲೂ ಎಟಿಯೋಸೇ, ಮೂರ್ನಾಲ್ಕು ಲಕ್ಷ ಕಿಲೋಮೀಟರ್ ಓಡಿದವು ಸಾಮಾನ್ಯ. ದಿನಕ್ಕೆ ನೂರಾರು ಕಿಲೋಮೀಟರ್ ಓಡಿಸಿ ಹೊಟ್ಟೆ ಹೊರೆಯೋರಿಗೆ ಗ್ಯಾರೇಜಲ್ಲಿ ನಿಂತ ಪ್ರತಿ ದಿನವೂ ನಷ್ಟ, ಹಂಗಾಗಿ ಅವರ ಆಯ್ಕೆಗಿಂತ ಪ್ರಾಮಾಣಿಕವಾದ ಕ್ವಾಲಿಟಿ ಸರ್ಟಿಫಿಕೇಟ್ ಇನ್ನೊಂದಿಲ್ಲ. 2020ರಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದಾಗ ಎಟಿಯೋಸ್ ಹೋಯ್ತು. ಏಳು ಏರ್‌ಬ್ಯಾಗ್ ಇಟ್ಕೊಂಡು ಬಂದ ಯಾರಿಸ್‌ಗೂ ಅದೇ ಗತಿ, ಕಾರಲ್ಲಿ ಹೇಳ್ಕೊಳ್ಳೋ ಅಂಥ ದೋಷ ಇರ್ಲಿಲ್ಲ, ನೋಡೋಕೆ ಸಪ್ಪೆ, ರೇಟು ಜಾಸ್ತಿ ಅಂದ್ರು ಅಷ್ಟೆ. ಇದರಿಂದ ಕಂಪನಿಗಳು ಕಲಿತ ಪಾಠ ಏನು ಅಂತ ನೋಡಿದ್ರೆ ನನಗೆ ಬೇಜಾರಾಗತ್ತೆ. ಗಟ್ಟಿ ಮಾಡಿ ಸಾದಾ ಇಟ್ರೆ ಮನೆಯವರು ಮುಟ್ಟಲ್ಲ ಅಂತ ನಾವೇ ಅವರಿಗೆ ಹೇಳಿಕೊಟ್ವಿ.

ಬಾಳಿಕೆ ಅಂದ್ರೆ ಬರೀ ಎಂಜಿನ್ ಸಪ್ಪಳ ಬರದೇ ಇರೋದಲ್ಲ, ಅಪಘಾತದ ದಿನ ಬಾಡಿ ಹೆಂಗೆ ನಿಲ್ಲತ್ತೆ ಅನ್ನೋದೂ ಕ್ವಾಲಿಟಿನೇ. ಸ್ಲಾವಿಯಾ ವರ್ಟಸ್ ಎರಡಕ್ಕೂ 2023ರ ಏಪ್ರಿಲಲ್ಲಿ, ಕಾರುಗಳನ್ನ ಗುದ್ದಿಸಿ ಪರೀಕ್ಷೆ ಮಾಡೋ ಗ್ಲೋಬಲ್ ಎನ್‌ಕ್ಯಾಪ್ ಐದು ಸ್ಟಾರ್ ಕೊಡ್ತು, ಅದೇ ವರ್ಷ ವೆರ್ನಾಗೂ ಐದು ಸ್ಟಾರ್ ಬಂತು. ಆದ್ರೆ ವರದಿ ಒಳಗೆ ಓದಿದ್ರೆ ಸ್ಲಾವಿಯಾ ವರ್ಟಸ್‌ಗಳ ಬಾಡಿಶೆಲ್ ಸ್ಥಿರ ಅಂತ ಬರೆದಿದಾರೆ, ವೆರ್ನಾದ್ದು ಅಸ್ಥಿರ ಅಂತ. ಎರಡಕ್ಕೂ ಸ್ಟಾರ್ ಐದೇ. ಸಿಯಾಜ್ ಗೇರ್‌ಬಾಕ್ಸ್ ನಿಶ್ಚಿಂತೆ ಅಂತ ಮೇಲೆ ಹೊಗಳಿದೆ, ಆದ್ರೆ ಬಹಳ ಕಾಲ ಎರಡೇ ಏರ್‌ಬ್ಯಾಗಲ್ಲಿ ನಡೆಸಿದ್ದು ನನಗೆ ಒಪ್ಪಿಗೆ ಇಲ್ಲ. ಲೈಟು ಹೋದ್ರೆ ಹೊಸದು ಹಾಕಿಸ್ಬಹುದು, ತೆಳು ಬಾಡಿನ ಆಮೇಲೆ ಯಾರೂ ದಪ್ಪ ಮಾಡಿಕೊಡಲ್ಲ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ತುಕ್ಕಿನ ಲೆಕ್ಕ ಬೇರೆ ಇದೆ. ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ. ಅಲ್ಲಿ ಗಾಡಿ ನೋಡುವಾಗ ಬಾಗಿಲ ಕೆಳ ಅಂಚು, ಚಕ್ರದ ಕಮಾನಿನ ಒಳಭಾಗ, ಡಿಕ್ಕೀಲಿ ಸ್ಟೆಪ್ನಿ ಎತ್ತಿ ಅದರಡಿ, ಸೈಲೆನ್ಸರ್ ಜಾಯಿಂಟು ಇವಿಷ್ಟು ನೋಡಿದ್ರೆ ಆ ಮಾಡೆಲಿನ ಶೀಟು, ಪೇಂಟು ಎಂಥದ್ದು ಅಂತ ತಿಳಿದುಹೋಗತ್ತೆ. ಮೇಲಿನ ಬಣ್ಣ ಎಷ್ಟೇ ಹೊಳೀಲಿ, ತುಕ್ಕು ಶುರು ಆಗೋದು ಕೆಳಗಿಂದ.

ಈಗ ಪೆಟ್ರೋಲ್ ವಿಷಯನೂ ಸೇರ್ಕೊಂಡಿದೆ. 20 ಪರ್ಸೆಂಟ್ ಎಥನಾಲ್ ಇರೋ ಇ20 ಪೆಟ್ರೋಲೇ ಈಗ ಬಂಕುಗಳಲ್ಲಿ ಬರ್ತಿರೋದು, 2025ರಲ್ಲಿ ಹಳೇ ಗಾಡಿಯವರು ಮೈಲೇಜ್ ಬಿತ್ತು ಅಂತ ಗಲಾಟೆ ಮಾಡಿದ್ದು ಎಲ್ರಿಗೂ ಗೊತ್ತು, ಸ್ವಲ್ಪ ಕಮ್ಮಿ ಆಗತ್ತೆ ಅಂತ ಸರ್ಕಾರನೂ ಒಪ್ಪಿತು. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳು ಇದಕ್ಕೆ ಹೊಂದೋ ಸಾಮಾನಿಟ್ಟೇ ಬಂದಿರತ್ತವೆ. ಅದಕ್ಕಿಂತ ಹಳೇ ಸೆಡಾನ್‌ನ ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಫ್ಯೂಯೆಲ್ ಪೈಪು, ಸೀಲು, ಪಂಪು ಇವುಗಳ ಸ್ಥಿತಿ ನೋಡಿಸದೇ ದುಡ್ಡು ಕೊಡ್ಬೇಡಿ. ಹೋಂಡಾ 2024ರ ಅಕ್ಟೋಬರಲ್ಲಿ ಫ್ಯೂಯೆಲ್ ಪಂಪ್ ದೋಷಕ್ಕೆ ಸುಮಾರು 90 ಸಾವಿರ ಹಳೇ ಗಾಡಿ ವಾಪಸ್ ಕರೆದಿತ್ತು, ಅದರಲ್ಲಿ ಸಿಟಿನೂ ಇತ್ತು. ಅದು ಎಥನಾಲ್‌ಗೆ ಸಂಬಂಧಿಸಿದ್ದಲ್ಲ, ಪಂಪಿನದ್ದೇ ದೋಷ, ಆದ್ರೆ ನೀವು ನೋಡ್ತಿರೋ ಗಾಡೀಲಿ ಅದನ್ನ ಬದಲಾಯಿಸಿದಾರಾ ಅಂತ ಚಾಸಿಸ್ ನಂಬರ್ ಹಾಕಿ ಕಂಪನಿ ವೆಬ್‌ಸೈಟಲ್ಲೇ ನೋಡ್ಬಹುದು.

ಹೊಸ ಕಾರು ತಗೊಳ್ಳೋರಿಗೆ ನಾನು ಹೇಳೋದು, ಬುಕಿಂಗಿಗೆ ಮೊದಲು ಅದೇ ಕಂಪನಿಯ ಏಳೆಂಟು ವರ್ಷ ಹಳೇ ಸೆಡಾನ್ ಒಂದನ್ನ ಯೂಸ್ಡ್ ಕಾರ್ ಯಾರ್ಡಲ್ಲಿ ಹೋಗಿ ನೋಡಿ, ಓಡಿಸಿ. ಸ್ಟೀರಿಂಗ್ ಲೆದರ್ ಎದ್ದಿದ್ಯಾ, ಬಾಗಿಲ ಹಿಡಿ ಅಂಟಂಟಾಗಿದ್ಯಾ, ಬೀಡಿಂಗ್ ರಬ್ಬರ್ ಒಣಗಿ ಬಿರಿದಿದ್ಯಾ, ಮೇಲಿನ ರೂಫ್ ಬಟ್ಟೆ ಜೋತುಬಿದ್ದಿದ್ಯಾ ನೋಡಿ. ಎಸಿ ಹಾಕಿ ಹತ್ತು ನಿಮಿಷ ನಿಲ್ಲಿಸಿ, ಕೂಲಿಂಗ್ ಕಾಯಿಲ್ ಯಾವಾಗ ಬದಲಾಯಿಸಿದ್ರು ಕೇಳಿ. ಎರಡನೇ ಗೇರಲ್ಲಿ ನಿಧಾನಕ್ಕೆ ಒಂದು ಹಂಪ್ ದಾಟಿಸಿ, ಕಿಟಕಿ ಇಳಿಸಿ ಕಿವಿ ಕೊಡಿ. ಆ ಕಂಪನಿಗೆ ಕಾಣೋ ಜಾಗದಲ್ಲಿ ಮಾತ್ರ ಖರ್ಚು ಮಾಡೋ ಅಭ್ಯಾಸ ಇದ್ಯಾ, ಕಾಣದ ಜಾಗದಲ್ಲೂ ಮಾಡತ್ತಾ ಅನ್ನೋದು ಒಂದು ಗಂಟೇಲಿ ಗೊತ್ತಾಗತ್ತೆ.

ನನ್ನನ್ನೇ ಕೇಳಿದ್ರೆ, ಹತ್ತು ವರ್ಷಕ್ಕಿಂತ ಜಾಸ್ತಿ ಇಟ್ಕೊಳ್ಳೋ ಮನೆಗೆ ಟರ್ಬೋ ಇಲ್ಲದ 1.5 ಪೆಟ್ರೋಲೇ ಸರಿ. ಈಗಿನ ನಾಲ್ಕರಲ್ಲಿ ಸಿಟಿ ನೋಡೋಕೆ ಹಿಂದೆ ಬಿದ್ದಿದೆ, ಆದ್ರೆ ಎಂಜಿನ್ನಲ್ಲಿ ಬೆಲ್ಟಿನ ಬದಲು ಹೆಚ್ಚು ಬಾಳೋ ಟೈಮಿಂಗ್ ಚೈನು, ಅದರ ಕೆಲಸ ಗೊತ್ತಿರೋ ಮೆಕ್ಯಾನಿಕ್ ಚಿಕ್ಕ ಊರಲ್ಲೂ ಸಿಗ್ತಾರೆ. ವೆರ್ನಾ ಇಷ್ಟ ಇದ್ರೆ 160 ಪಿಎಸ್ ಟರ್ಬೋ ಬಿಟ್ಟು 115 ಪಿಎಸ್ಸಿನ, ಟರ್ಬೋ ಇಲ್ಲದ ಎಂಪಿಐ ಎಂಜಿನ್ ತಗೊಳ್ಳಿ, ಅದರಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವ್ ಮೇಲೇ ಬಿದ್ದು ಅದನ್ನ ತೊಳೀತಾ ಇರತ್ತೆ, ಪೆಟ್ರೋಲನ್ನ ನೇರ ಸಿಲಿಂಡರ್ ಒಳಗೇ ಚಿಮ್ಮಿಸೋ ಡೈರೆಕ್ಟ್ ಇಂಜೆಕ್ಷನ್ ಟರ್ಬೋಗಳಲ್ಲಿ ಆ ತೊಳೆಯೋ ಕೆಲಸ ಇಲ್ಲ, ವರ್ಷಗಳು ಹೋದಂಗೆ ಕಾರ್ಬನ್ ಕಟ್ಟತ್ತೆ. ವರ್ಟಸ್ ಸ್ಲಾವಿಯಾ ಎರಡೂ ನನಗೆ ನೋಡೋಕೂ ಇಷ್ಟ, ಹೈವೇಲಿ ಕೂರೋ ರೀತಿನೂ ಇಷ್ಟ, ಬಾಡಿ ಗಟ್ಟಿ ಅನ್ನೋದು ದೊಡ್ಡ ಮಾತು, ಆದ್ರೆ ಟರ್ಬೋ, ಡೈರೆಕ್ಟ್ ಇಂಜೆಕ್ಷನ್, ಟೈಮಿಂಗ್ ಬೆಲ್ಟು ಮೂರೂ ಇರೋದ್ರಿಂದ ಎಕ್ಸ್‌ಟೆಂಡೆಡ್ ವಾರಂಟಿ ಇಲ್ಲದೆ ತಗೊಳ್ಬೇಡಿ, ಮನೆಯಿಂದ ಸರ್ವಿಸ್ ಸೆಂಟರ್ ಎಷ್ಟು ದೂರ ಅಂತನೂ ನೋಡ್ಕೊಳ್ಳಿ. ಹುಬ್ಬಳ್ಳಿ, ಮೈಸೂರಲ್ಲಿರೋರಿಗೆ ನಡೆಯತ್ತೆ, ಸರ್ವಿಸಿಗೇ ನೂರಾರು ಕಿಲೋಮೀಟರ್ ಹೋಗಬೇಕಾದ ಊರಿನವರು ಎರಡು ಸಲ ಯೋಚಿಸಿ.

ಶೋರೂಮಲ್ಲಿ ಕೂತಾಗ ಎಲ್ರೂ ಡಿಸ್ಕೌಂಟ್ ಎಷ್ಟು, ಫ್ರೀ ಆಕ್ಸೆಸರಿ ಏನು ಅಂತ ಕೇಳ್ತಾರೆ. ಅದರ ಜೊತೆ ಒಂದು ಹೆಡ್‌ಲೈಟ್ ಅಸೆಂಬ್ಲಿ, ಮುಂದಿನ ಬಂಪರು, ಟಚ್‌ಸ್ಕ್ರೀನು, ಕ್ಲಚ್ ಸೆಟ್ಟು, ಒಂದು ಅಲಾಯ್ ವೀಲು, ಈ ಐದರ ರೇಟು ಪ್ರಿಂಟ್ ಹಾಕಿ ಕೊಡಿ ಅಂತ ಕೇಳಿ. ಬಿಡಿಭಾಗದ ಕೌಂಟರಿನ ಕಂಪ್ಯೂಟರಲ್ಲಿ ಅದು ಇದ್ದೇ ಇರತ್ತೆ, ಎರಡು ನಿಮಿಷದ ಕೆಲಸ. ಕೇಂದ್ರ ಸರ್ಕಾರ 2022ರ ಡಿಸೆಂಬರಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿದೆ, ಅದರಲ್ಲಿ ವಾಹನಗಳೂ ಸೇರಿವೆ, ಹಂಗಿದ್ಮೇಲೆ ಈ ಐದು ರೇಟು ಬ್ರೋಷರಲ್ಲೇ ಮೈಲೇಜ್ ಪಕ್ಕ ಅಚ್ಚಾಗ್ಬೇಕು ಅಂತ ನಿಯಮ ತರೋದು ಕಷ್ಟ ಏನಲ್ಲ. ಅಲ್ಲಿವರೆಗೂ ಕೊಡಲ್ಲ ಅಂದ ಡೀಲರ್ ಹತ್ರ ಬುಕಿಂಗ್ ಮಾಡ್ಬೇಡಿ, ಪಕ್ಕದ ಡೀಲರ್ ಕೊಡ್ತಾರೆ.